ಮೋಲ್ಡ್ ಹಾಕುವ ಮುನ್ನ ಇಂಜಿನಿಯರ್ ಬರಲಿ

ಮನೆ ಕಟ್ಟಿಸುವವರು ಇಂಜಿನಿಯರನ್ನು ನೆನೆಯುವುದು ಬಹುಮಟ್ಟಿಗೆ ಗೋಡೆ ಬಿರುಕು ಬಿಟ್ಟ ಮೇಲೆ. ಅಷ್ಟು ಹೊತ್ತಿಗೆ ನೋಡಬೇಕಾದದ್ದೆಲ್ಲ ಕಾಂಕ್ರೀಟಿನೊಳಗೆ ಹೂತುಹೋಗಿರುತ್ತದೆ. ಯಾವ ಕೆಲಸ ಯಾವತ್ತು ಮುಚ್ಚಿಹೋಗುತ್ತದೆ ಎಂಬುದನ್ನು ನೋಡಿಕೊಂಡೇ ತಪಾಸಣೆಯ ದಿನ ಗೊತ್ತುಮಾಡಬೇಕು.

‘ಪಾಲಿಕೆಯವರು ಬಂದು ನೋಡ್ತಾರಲ್ಲ’ ಎಂದು ನೆಚ್ಚಿ ಕೂರುವವರಿದ್ದಾರೆ. ಪಾಲಿಕೆಯವರು ನೋಡುವುದು ಸೆಟ್‌ಬ್ಯಾಕ್ ಬಿಟ್ಟಿದ್ದೀರಾ, ಮಹಡಿ ಎಷ್ಟು, ಕಟ್ಟಡ ಮಂಜೂರಾದ ನಕ್ಷೆಯಂತಿದೆಯೇ ಎಂದು. ಸ್ಲ್ಯಾಬಿಗೆ 10 ಎಂಎಂ ಕಂಬಿ ಬದಲು 8 ಎಂಎಂ ಕಟ್ಟಿದ್ದರೆ ಅದು ಅವರ ಕಣ್ಣಿಗೆ ಬೀಳುವುದಿಲ್ಲ. ಆದರೂ ಆ ಕಾಗದಪತ್ರದ ದಾರಿ ಬಿಡುವಂತಿಲ್ಲ: ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು. 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಬೆಂಗಳೂರಿನಲ್ಲಿ 2025ರಲ್ಲಿ ಓಸಿ ವಿನಾಯಿತಿ ಸಿಕ್ಕಿತು. ವಿನಾಯಿತಿ ಕಾಗದಕ್ಕಷ್ಟೇ, ಕಂಬಿಗಲ್ಲ.

ಕಂಬಿ ನೋಡಲು ನಿಮ್ಮದೇ ಜನ ಬೇಕು. ಸ್ಟ್ರಕ್ಚರಲ್ ಡ್ರಾಯಿಂಗ್ ಕೊಟ್ಟ ಇಂಜಿನಿಯರೇ ಬಂದರೆ ಒಳ್ಳೆಯದು. ಒಂದು ಭೇಟಿಗೆ ಇಷ್ಟು ಎಂದು ಮೊದಲೇ ಮಾತಾಡಿ, ಹಣ ನೀವೇ ಕೊಡಿ; ಕಾಂಟ್ರಾಕ್ಟರ್ ಕೈಯಿಂದ ಸಂಬಳ ಪಡೆಯುವವರು ಕಾಂಟ್ರಾಕ್ಟರ್ ತಪ್ಪು ಹೇಳುವುದು ಕಷ್ಟ. ‘ಇಂಜಿನಿಯರ್ ಬರೆದುಕೊಡದೆ ಕಾಂಕ್ರೀಟ್ ಸುರಿಯುವಂತಿಲ್ಲ’ ಎಂಬ ಒಂದು ಸಾಲು ಕರಾರಿನಲ್ಲಿರಲಿ.

ಫುಟಿಂಗ್, ಕಾಲಂ, ಪ್ಲಿಂತ್ ಬೀಮ್ ಇವುಗಳಿಗೆ ಒಂದೊಂದು ಸಲ ಬಂದು ಹೋದರೆ ಸಾಕು. ನಿಜವಾದ ಪರೀಕ್ಷೆ ಮೋಲ್ಡಿನದು. ಶನಿವಾರ ಮೋಲ್ಡ್ ಇದ್ದರೆ ಗುರುವಾರ ಇಂಜಿನಿಯರ್ ಬರಬೇಕು, ಕಂಬಿ ಕಟ್ಟಿ ಕರೆಂಟಿನ ಪೈಪು ಎಳೆದು ಮುಗಿದಿರಬೇಕು. ಮಿಕ್ಸರ್ ತಿರುಗುತ್ತಿರುವಾಗ ಬಂದರೆ ತಪ್ಪು ಕಂಡರೂ ಕೆಲಸ ನಿಲ್ಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಕಂಬಿಯ ದಪ್ಪ, ಅಂತರ, ಕವರ್ ಬ್ಲಾಕ್ ಎಲ್ಲ ಅಳೆದು ನೋಡಬೇಕು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕವರ್, ಅಂದರೆ ಕಂಬಿಯನ್ನು ಹೊರಗಿನಿಂದ ಮುಚ್ಚುವ ಕಾಂಕ್ರೀಟಿನ ದಪ್ಪ, ಸ್ಲ್ಯಾಬಿಗೆ ಕನಿಷ್ಠ 20 ಎಂಎಂ, ಕಾಲಂಗೆ 40, ಫುಟಿಂಗಿಗೆ 50. ಬಾಲ್ಕನಿಯ ಮೇಲಿನ ಪದರದ ಕಂಬಿಯ ಮೇಲಂತೂ ಒಂದು ಕಣ್ಣಿರಲಿ. ಭಾರ ಹೊರುವುದೇ ಅದು. ಆಳುಗಳು ಓಡಾಡುವಾಗ ತುಳಿದು ಕೆಳಗಿಳಿದುಬಿಟ್ಟರೆ ಕಂಬಿ ಇದ್ದೂ ಇಲ್ಲದಂತೆ. ಅದನ್ನು ಎತ್ತಿ ಹಿಡಿಯಲು ಚೇರ್ ಕಂಬಿ ಇದೆಯೇ ಎಂದು ಕೇಳಿ. ಟೇಪು ಹಿಡಿದು ಫೋಟೋ ತೆಗೆಸಿಡಿ.

ಸುರಿಯುವ ದಿನ 150 ಎಂಎಂ ಅಳತೆಯ ಕ್ಯೂಬುಗಳನ್ನು ತುಂಬಿಸಿ. ಮೂರನ್ನು 28ನೇ ದಿನ ಲ್ಯಾಬಿನಲ್ಲಿ ಒಡೆಸಬೇಕು. ಮುನ್ಸೂಚನೆ ಬೇಕಿದ್ದರೆ ಇನ್ನೂ ಮೂರನ್ನು 7ನೇ ದಿನಕ್ಕೆ ಇಟ್ಟುಕೊಳ್ಳಿ. ಅನೇಕ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಈ ಪರೀಕ್ಷೆ ಮಾಡಿಕೊಡುತ್ತಾರೆ.

ಸೆಂಟ್ರಿಂಗ್ ಬಿಚ್ಚುವ ದಿನ ಇನ್ನೊಂದು ಭೇಟಿ. ಕಂಬದಿಂದ ಕಂಬಕ್ಕೆ, ಗೋಡೆಯಿಂದ ಗೋಡೆಗೆ 4.5 ಮೀಟರ್ ಒಳಗಿನ ಸ್ಲ್ಯಾಬಿಗೆ ಆಧಾರಗಳು ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಇರಬೇಕು. ಈ ಲೆಕ್ಕ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನದು. ಪಿಪಿಸಿ, ಅಂದರೆ ಪೋಜೋಲಾನಾ ಸಿಮೆಂಟ್ ಬಳಸಿದ್ದರೆ ಇಂಜಿನಿಯರ್ ಹೇಳಿದಷ್ಟು ದಿನ ಕಾಯಬೇಕು. ಹಲಗೆ ಬಿಚ್ಚಿದಾಗ ಅಲ್ಲಲ್ಲಿ ಜಲ್ಲಿ ಕಾಣುವ ತೂತುಗಳಿದ್ದರೆ ಮೇಸ್ತ್ರಿ ಕೂಡಲೇ ಸಿಮೆಂಟ್ ಹಾಲು ಬಳಿದು ಮುಚ್ಚಲು ನೋಡುತ್ತಾನೆ. ಇಂಜಿನಿಯರ್ ಬಂದು ನೋಡುವ ತನಕ ಅದನ್ನು ಮುಟ್ಟಬಾರದೆಂದು ಹಿಂದಿನ ದಿನವೇ ಹೇಳಿಡಿ.