ಕೆಲವೇ ಉದಾಹರಣೆಗಳಿಂದ ಘಟನೆ ಗುರುತಿಸುವ ನರಜಾಲ

‘ಭಾರಿ ಮಳೆಗೆ ಕೆರೆಯ ಕಟ್ಟೆ ಒಡೆಯಿತು’, ‘ಚುನಾವಣೆಗೆ ಮೊದಲೇ ಪಕ್ಷ ಒಡೆಯಿತು’. ಎರಡು ವಾಕ್ಯಗಳಲ್ಲೂ ಕ್ರಿಯಾಪದ ಒಂದೇ. ಆದರೆ ಮೊದಲನೆಯದು ಅವಘಡ, ಎರಡನೆಯದು ರಾಜಕೀಯ ಬೆಳವಣಿಗೆ. ನಮಗೆ ಥಟ್ಟನೆ ಹೊಳೆಯುವ ಈ ವ್ಯತ್ಯಾಸ ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಪಠ್ಯದಲ್ಲಿ ಘಟನೆಯನ್ನು ಸೂಚಿಸುವ ಪದ ಯಾವುದು, ಆ ಘಟನೆ ಯಾವ ಬಗೆಯದು ಎಂದು ಕಂಡುಹಿಡಿಯುವುದಕ್ಕೆ ‘ಘಟನಾ ಪತ್ತೆ’ ಎನ್ನುತ್ತಾರೆ. ಇದಕ್ಕೆ ಕೃತಕ ನರಜಾಲಗಳನ್ನು, ಎಂದರೆ ನ್ಯೂರಲ್ ನೆಟ್‌ವರ್ಕ್‌ಗಳನ್ನು ಬಳಸಲಾಗುತ್ತದೆ.

ಉದಾಹರಣೆಗಳ ಕೊರತೆ

ಮನುಷ್ಯರು ಗುರುತು ಹಾಕಿಕೊಟ್ಟ ವಾಕ್ಯಗಳಿಂದ ನರಜಾಲ ಕಲಿಯುತ್ತದೆ. ಇಂತಹ ಸಂಗ್ರಹಗಳಲ್ಲಿ ‘ಎಸಿಇ 2005’ ಪ್ರಸಿದ್ಧ. ಅದರ ಇಂಗ್ಲಿಷ್ ಭಾಗದಲ್ಲಿ 599 ಬರಹಗಳೂ 33 ಬಗೆಯ ಘಟನೆಗಳೂ ಇವೆ. ‘ದಾಳಿ’ಗೆ ಸಾವಿರಕ್ಕೂ ಹೆಚ್ಚು ಉದಾಹರಣೆಗಳಿದ್ದರೆ ‘ಕ್ಷಮಾದಾನ’ಕ್ಕೆ ಹತ್ತೂ ಇಲ್ಲ. ವಿರಳವಾದದ್ದು ಅಮುಖ್ಯವೇನಲ್ಲ. ಹೊಸ ರೋಗವೊಂದು ತಲೆದೋರಿದಾಗ ಮೊದಲು ಸಿಗುವುದು ಎರಡು ಮೂರು ವರದಿಗಳು ಮಾತ್ರ.

ನರಜಾಲದಲ್ಲಿ ಹೊಂದಿಸಬೇಕಾದ ಸಂಖ್ಯೆಗಳು ಲಕ್ಷಗಟ್ಟಲೆ. ಕೆಲವೇ ವಾಕ್ಯಗಳಿಂದ ಅವನ್ನೆಲ್ಲ ಹೊಂದಿಸಹೊರಟರೆ ಜಾಲ ಬಾಯಿಪಾಠ ಮಾಡಿಬಿಡುತ್ತದೆ. ಕಂಡ ವಾಕ್ಯಕ್ಕೆ ಸರಿಯುತ್ತರ ಕೊಟ್ಟರೂ ಕಾಣದ ವಾಕ್ಯದಲ್ಲಿ ಎಡವುತ್ತದೆ.

ಎರಡು ಉಪಾಯಗಳು

ಮೊದಲನೆಯದು, ಭಾಷೆಯನ್ನು ಮುಂಚೆಯೇ ಕಲಿಸುವುದು. ಗೂಗಲ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ‘ಬರ್ಟ್’ ಜಾಲಕ್ಕೆ ಅಪಾರ ಪಠ್ಯ ಕೊಟ್ಟು, ಕೆಲವು ಪದಗಳನ್ನು ಮರೆಮಾಡಿ ಊಹಿಸಲು ಬಿಡಲಾಯಿತು. ಇದು ‘ಬಿಟ್ಟ ಸ್ಥಳ ತುಂಬಿರಿ’ ಅಭ್ಯಾಸವೇ. ಇದಕ್ಕೆ ಯಾರೂ ಗುರುತು ಹಾಕಬೇಕಿಲ್ಲ. ಹೀಗೆ ಕಲಿತ ಜಾಲ, ಪ್ರತಿ ಪದವನ್ನೂ ಸುತ್ತಲಿನ ಪದಗಳಿಗೆ ತಕ್ಕಂತೆ ಸಂಖ್ಯೆಗಳ ಸಾಲಾಗಿ ಬದಲಿಸುತ್ತದೆ. ಬರ್ಟ್‌ನ ಚಿಕ್ಕ ಮಾದರಿಯಲ್ಲಿ ಈ ಸಾಲಿನ ಉದ್ದ 768. ಕಟ್ಟೆಯ ‘ಒಡೆಯಿತು’ ಮತ್ತು ಪಕ್ಷದ ‘ಒಡೆಯಿತು’ ಬೇರೆ ಬೇರೆ ಬಿಂದುಗಳಾಗುತ್ತವೆ. ಬರ್ಟ್‌ನ ಬಹುಭಾಷಾ ಆವೃತ್ತಿಯಲ್ಲಿ ಕನ್ನಡವೂ ಸೇರಿದೆ.

ಎರಡನೆಯದು, ಹೋಲಿಕೆ. 2017ರಲ್ಲಿ ಜೇಕ್ ಸ್ನೆಲ್ ಮತ್ತು ಸಂಗಡಿಗರು ಚಿತ್ರಗಳ ವರ್ಗೀಕರಣಕ್ಕೆ ಸೂಚಿಸಿದ ಈ ವಿಧಾನದಲ್ಲಿ ಪ್ರತಿ ವರ್ಗಕ್ಕೂ ಒಂದು ಸರಾಸರಿ ಬಿಂದು ಇರುತ್ತದೆ. ಮುಂದೆ ಇದನ್ನು ಘಟನಾ ಪತ್ತೆಗೂ ಅಳವಡಿಸಿಕೊಂಡರು. ಸುಲಭಕ್ಕಾಗಿ ಎರಡೇ ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಅವಘಡದ ಮೂರು ಉದಾಹರಣೆಗಳು (2,3), (3,4), (4,2) ಆದರೆ ಸರಾಸರಿ (3,3). ರಾಜಕೀಯದವು (8,1), (9,2), (7,3) ಆದರೆ ಸರಾಸರಿ (8,2). ಹೊಸ ವಾಕ್ಯದ ಬಿಂದು (4,4) ಎನ್ನಿ. ಮೊದಲ ಸರಾಸರಿಯಿಂದ ಅದರ ದೂರ √2, ಸುಮಾರು 1.4, ಎರಡನೆಯದರಿಂದ √20, ಸುಮಾರು 4.5. ಆದ್ದರಿಂದ ಅದು ಅವಘಡ.

ಒಂದು ಎಚ್ಚರಿಕೆ

ಬರಹದ ಹೆಚ್ಚಿನ ಪದಗಳು ಯಾವ ಘಟನೆಯನ್ನೂ ಸೂಚಿಸುವುದಿಲ್ಲ. ನೂರರಲ್ಲಿ 95 ಪದಗಳು ಹೀಗಿದ್ದರೆ, ಎಲ್ಲಕ್ಕೂ ‘ಘಟನೆಯಿಲ್ಲ’ ಎನ್ನುವ ಜಾಲವೂ 95 ಅಂಕ ಪಡೆಯುತ್ತದೆ, ಆದರೆ ಒಂದನ್ನೂ ಪತ್ತೆ ಮಾಡಿರುವುದಿಲ್ಲ! ಆದ್ದರಿಂದ ಇದ್ದ ಘಟನೆಗಳಲ್ಲಿ ಎಷ್ಟು ಸಿಕ್ಕವು, ಸಿಕ್ಕವುಗಳಲ್ಲಿ ಎಷ್ಟು ಸರಿ ಎಂಬ ಎರಡನ್ನೂ ನೋಡಬೇಕು.

ತರಗತಿಯಲ್ಲಿ ಒಂದು ದಿನಪತ್ರಿಕೆಯ ಪುಟ ಕೊಟ್ಟು, ಘಟನೆ ಸೂಚಿಸುವ ಪದಗಳಿಗೆ ಅಡಿಗೆರೆ ಹಾಕಲು ಇಬ್ಬಿಬ್ಬರು ವಿದ್ಯಾರ್ಥಿಗಳಿಗೆ ಬೇರೆಬೇರೆಯಾಗಿ ಹೇಳಿ. ಇಬ್ಬರ ಗೆರೆಗಳು ಎಲ್ಲಿ ಹೊಂದುವುದಿಲ್ಲವೋ ಆ ಸ್ಥಳಗಳಲ್ಲಿ ಯಂತ್ರಕ್ಕೂ ಕಷ್ಟವಾಗಬಹುದು. ಕೆಲವೇ ಉದಾಹರಣೆಗಳಿರುವಾಗ ಅವು ಒಂದೊಂದೂ ಸರಿಯಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಸರಾಸರಿಯೇ ದಾರಿ ತಪ್ಪುತ್ತದೆ.