ಕಡಲಿನ ತಳ ಎದ್ದಾಗ

ಮಕ್ಕಳೇ, ನೀರು ತುಂಬಿದ ಪ್ಲಾಸ್ಟಿಕ್ ಟಬ್ಬಿನ ತಳವನ್ನು ಕೆಳಗಿನಿಂದ ಗುದ್ದಿದರೆ ಮೇಲಿನ ನೀರು ಉಬ್ಬಿ ಸುತ್ತಲೂ ಹರಡುತ್ತದಲ್ಲವೆ? 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಆದದ್ದೂ ಅದೇ. ಭೂಮಿಯ ಒಂದು ಫಲಕ ಇನ್ನೊಂದರಡಿ ಜಾರುವಾಗ ಸಿಕ್ಕಿಕೊಂಡಿತ್ತು. ತೀರಿಸದ ಸಾಲದ ಬಡ್ಡಿಯಂತೆ ಒತ್ತಡ ಬೆಳೆದು, ಬಾಗಿದ್ದ ಮೇಲಿನ ಫಲಕ ಒಮ್ಮೆಗೇ ಚಿಮ್ಮಿತು. ಕಡಲಿನ ತಳ ಕೆಲವು ಮೀಟರ್ ಮೇಲೆದ್ದಿತು; ಜೊತೆಗೆ ನೀರೂ ಎದ್ದಿತು.

ನಡುಗಡಲಲ್ಲಿ ಆ ಅಲೆಯ ಎತ್ತರ ಒಂದು ಮೀಟರೂ ಇರಲಿಲ್ಲ, ವೇಗ ಮಾತ್ರ ವಿಮಾನದ್ದು! ದಡದ ಬಳಿ ಆಳ ಕಡಿಮೆ. ಮುಂದಿನ ನೀರು ನಿಧಾನವಾಗಿ, ಹಿಂದಿನದು ಒತ್ತಿಬಂದು ಅಲೆ ಎದ್ದು ನಿಲ್ಲುತ್ತದೆ. ನಾಗಪಟ್ಟಣಂ ತಲುಪಲು ಅದಕ್ಕೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಎಚ್ಚರಿಸುವ ವ್ಯವಸ್ಥೆಯೇ ಇರಲಿಲ್ಲ.

ಥಾಯ್ಲೆಂಡಿನ ಫುಕೆಟ್‌ನಲ್ಲಿ ಹತ್ತು ವರ್ಷದ ಇಂಗ್ಲಿಷ್ ಹುಡುಗಿ ಟಿಲ್ಲಿ ಸ್ಮಿತ್, ಕಡಲು ನೊರೆಗಟ್ಟುವುದನ್ನು ಕಂಡಳು. ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಸುನಾಮಿಯ ಪಾಠ ಕೇಳಿದ್ದಳು. ಅಪ್ಪ ಅಮ್ಮನಿಗೆ ಕೂಗಿ ಹೇಳಿದಳು. ಅಲೆ ಬರುವಷ್ಟರಲ್ಲಿ ಆ ದಡ ಖಾಲಿಯಾಗಿತ್ತು.