ಅಮೀನಗಡದ ಸಂತೆಯಲ್ಲಿ ಕುರಿಯ ಬೆಲೆ

ಇಳಕಲ್ಲಿನಲ್ಲಿ ನಮ್ಮ ನೆರೆಮನೆಯ ನೇಕಾರ ಗೃಹಿಣಿಯೊಬ್ಬಳು ಮಗ್ಗದ ಕೆಲಸದ ಜೊತೆಗೆ ಎರಡು ಟಗರುಗಳನ್ನು ಸಾಕಿದ್ದಳು. ಮಗಳ ಲಗ್ನದ ಖರ್ಚಿಗೆ ಅವೇ ಆಧಾರವಾಗಿದ್ದವು. ಮನೆಬಾಗಿಲಿಗೆ ಬಂದ ವ್ಯಾಪಾರಿಯು ಎರಡಕ್ಕೂ ಸೇರಿಸಿ ಒಂದು ಬೆಲೆಯನ್ನು ಹೇಳಿದನು. ಅದು ನ್ಯಾಯವೋ ಅನ್ಯಾಯವೋ ಎಂದು ಆಕೆಯು ಕೇಳಿದಾಗ ಉತ್ತರ ಕೊಡುವುದು ನಮ್ಮಿಂದಲೂ ಆಗಲಿಲ್ಲ. ಆದುದರಿಂದ ಮುಂದಿನ ಶನಿವಾರ ಅಮೀನಗಡಕ್ಕೆ ಹೋಗಿ ನೋಡುವುದೆಂದು ನಿಶ್ಚಯಿಸಿದೆವು.

ಹುನಗುಂದ ತಾಲೂಕಿನ ಅಮೀನಗಡವು ದೂರದವರಿಗೆ ಕರದಂಟಿನಿಂದ ಪರಿಚಿತವಾದ ಊರು. ಕುರಿಗಾರರಿಗೆ ಶನಿವಾರದ ಸಂತೆಯಿಂದ. ಬಕ್ರೀದು ಸಮೀಪಿಸಿದಾಗಲಂತೂ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಇಷ್ಟು ದೊಡ್ಡ ಸಂತೆಯಲ್ಲಿ ಬೆಲೆಯನ್ನು ಕಿವಿಯಾರೆ ಕೇಳಬಹುದೆಂದು ನಾವು ತಿಳಿದಿದ್ದೆವು. ಆದರೆ ಅಲ್ಲಿ ಬೆಲೆಯು ಕಿವಿಗೆ ಬೀಳುವ ವಸ್ತುವೇ ಅಲ್ಲ! ದಲಾಲನು ಕೈಯ ಮೇಲೆ ಟಾವೆಲ್ಲನ್ನು ಹೊದಿಸಿ, ಅದರೊಳಗೆ ಕೊಳ್ಳುವವನ ಬೆರಳುಗಳನ್ನು ಹಿಡಿಯುತ್ತಾನೆ. ಎಷ್ಟು ಬೆರಳೋ ಅಷ್ಟು ಸಂಖ್ಯೆ. ಪಕ್ಕದಲ್ಲಿ ನಿಂತವನಿಗೆ ತಲೆಯಾಡಿಸುವುದು ಮಾತ್ರ ಕಾಣುತ್ತದೆ. ಎಷ್ಟೋ ವೇಳೆ ಕುರಿಯ ಒಡೆಯನಿಗೂ ಅಷ್ಟೇ.

ಹೊರದೇಶಗಳ ಪದ್ಧತಿಯು ಬೇರೆ. ಇಂಗ್ಲೆಂಡಿನ ಪೇಟೆಗಳಲ್ಲಿ ಕುರಿಗಳನ್ನು ಕಟಾಂಜನದೊಳಗೆ ನಡೆಸಿ, ಅವುಗಳ ತೂಕವನ್ನು ಎಲ್ಲರಿಗೂ ಕಾಣುವಂತೆ ತೋರಿಸಿ, ಗಟ್ಟಿಯಾಗಿ ಲಿಲಾವು ಕೂಗುತ್ತಾರೆ. ಆಸ್ಟ್ರೇಲಿಯಾದಲ್ಲಿ ಮಾಂಸದ ಕಿಲೋ ಒಂದಕ್ಕೆ ಇಷ್ಟೆಂದು ಪೇಟೆಯ ಧಾರಣೆಯು ಪ್ರಕಟವಾಗುತ್ತದೆ. ಅಲ್ಲಿಯ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನಮ್ಮ ಕುರಿಗೆ ಹೋಲಿಸುವುದು ವ್ಯರ್ಥ; ತಳಿಯೂ ಬೇರೆ, ಮೇವೂ ಬೇರೆ. ಆದರೆ ತೂಗಿ ಮಾರುವ ಕ್ರಮವನ್ನು ತರುವುದಕ್ಕೆ ಹಡಗು ಬೇಕಿಲ್ಲ.

ನಾವು ಹೊರಡುವ ಮುನ್ನ ಬೆಳಿಗ್ಗೆ, ನೀರು ಮೇವು ಕೊಡುವುದರೊಳಗಾಗಿ, ಕಾಳಿನ ಅಂಗಡಿಯಲ್ಲಿ ಟಗರುಗಳನ್ನು ತೂಗಿಸಿದೆವು. ಒಂದು 34 ಕಿಲೋ, ಇನ್ನೊಂದು 29. ಹೊಟ್ಟೆ ತುಂಬಿಸಿ ತೂಗಿದರೆ ಕೊಳ್ಳುವವನಿಗೆ ಮೋಸವಾದೀತು; ಉಪ್ಪು ತಿನ್ನಿಸಿ ನೀರು ಕುಡಿಸುವ ಜಾಣರೂ ಉಂಟು. ಜೀವತೂಕದಲ್ಲಿ ಸುಮಾರು ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ ಮಾಂಸವೆಂದು ಎಣಿಸತಕ್ಕದ್ದು. ಬಳಿಕ ಹಲ್ಲು. ಕೆಳದವಡೆಯಲ್ಲಿ ಎರಡು ದೊಡ್ಡ ಹಲ್ಲು ಮೂಡಿದ್ದರೆ ವರ್ಷ ದಾಟಿದೆಯೆಂದೂ, ಎಂಟೂ ಮೂಡಿ ಬಾಯಿಗೂಡಿದ್ದರೆ ಸುಮಾರು ನಾಲ್ಕು ವರ್ಷವೆಂದೂ ತಿಳಿಯಬೇಕು. ಉಣ್ಣೆ ಕತ್ತರಿಸದ ಕುರಿಯು ಕಣ್ಣಿಗೆ ದಪ್ಪವಾಗಿ ಕಾಣುವುದು. ಬೆನ್ನಮೂಳೆಯ ಮೇಲೆ ಕೈಯಾಡಿಸಿದರೆ ನಿಜವು ತಿಳಿಯುತ್ತದೆ. (ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಎತ್ತು ಕೊಳ್ಳುವವರಿಗೆ ಈ ತೂಕದ ಲೆಕ್ಕವು ಸಲ್ಲದು. ಎತ್ತಿಗೆ ಬೆಲೆ ದುಡಿಮೆಯಿಂದ.)

“ತಕ್ಕಡಿ ಯಾಕ್ರಿ ಯಜಮಾನ್ರ, ನಮ್ಮ ಕಣ್ಣಳತಿ ಸುಳ್ಳಾಗೂದಿಲ್ಲ,” ಎಂದು ದಲಾಲನು ನಕ್ಕನು. ನಾವು ತೂಕವನ್ನು ಬಾಯಿಬಿಟ್ಟು ಹೇಳಿದೆವು. ಟಗರುಗಳನ್ನು ಜೋಡಿಯಾಗಿ ಕೊಡುವುದಿಲ್ಲವೆಂದೂ ಹೇಳಿದೆವು. ದೊಡ್ಡದು ಬೇಗನೆ ಹೋಯಿತು. ಚಿಕ್ಕದಕ್ಕೆ ಮಧ್ಯಾಹ್ನದ ವರೆಗೆ ಬಿಸಿಲಿನಲ್ಲಿ ನಿಲ್ಲಬೇಕಾಯಿತು, ಒಂದು ಸಲ ಬೇಸತ್ತು ಮರಳಿ ಒಯ್ಯೋಣವೆಂದೂ ಎನಿಸಿತು. ಕೊನೆಗೆ ಎರಡೂ ಸೇರಿ, ಮನೆಬಾಗಿಲಿನ ಬೆಲೆಗಿಂತ 2,400 ರೂಪಾಯಿ ಹೆಚ್ಚು ಬಂದವು. ಗಾಡಿಯ ಬಾಡಿಗೆ, ದಲಾಲಿ, ಸಂತೆಯ ಪಟ್ಟಿ ಕಳೆದು ಉಳಿದುದು 1,500.

ಲಗ್ನವು ಸಾಂಗವಾಗಿ ಜರುಗಿತು. ಆಕೆಯು ಈಗ ಪುನಃ ಎರಡು ಮರಿಗಳನ್ನು ಕಟ್ಟಿದ್ದಾಳೆ. ಅಮಾವಾಸ್ಯೆಗೊಮ್ಮೆ ಅವುಗಳನ್ನು ಕಾಳಿನ ಅಂಗಡಿಗೆ ಹೊಡೆದುಕೊಂಡು ಹೋಗುತ್ತಾಳೆ.